ನೆಲವೂ ಡೊಂಕಾಗಿರಬಹುದು

ಗದಗ ಪಟ್ಟಣದ ಸಮೀಪದಲ್ಲಿಯೇ ಇರುವ ಕಳಸಾಪುರದಲ್ಲಿ, ಒಂದು ಸಂಜೆ, ಪರಿಚಿತರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಮನೆಯ ಅಜ್ಜಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಪಕ್ಕದಲ್ಲಿದ್ದ ಮೊಬೈಲು ಇದ್ದಕ್ಕಿದ್ದಂತೆ ಸದ್ದು ಮಾಡಿತು. ಅದು ಗುಂಡಿಗಳಿಲ್ಲದ, ಗಾಜಿನ ಮುಖದ ಹೊಸ ಮೊಬೈಲು. ಊರ ಹೊರಗೆ ದುಡಿಯುವ ಮಗ ಕೊಡಿಸಿದ್ದು. ಅಜ್ಜಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಗಾಜಿನ ಮೇಲೆ ಬೆರಳಿನಿಂದ ಒಮ್ಮೆ ಒತ್ತಿದರು. ಮತ್ತೊಮ್ಮೆ ಬಲವಾಗಿ ಒತ್ತಿದರು. ಸದ್ದು ನಿಲ್ಲಲಿಲ್ಲ. "ಯಾರ್ದು ಬಂದೈತಿ ನೋಡಪಾ ತಮ್ಮಾ" ಎಂದು ಮೊಮ್ಮಗನನ್ನು ಕೂಗಿದರು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಆ ಹುಡುಗ ಬರುವಷ್ಟರಲ್ಲಿ ಕರೆ ನಿಂತುಹೋಗಿತ್ತು. "ಒತ್ತೂದಲ್ಲ ಆಯಿ, ಸರಿಸಬೇಕು. ಎಷ್ಟ ಸಲ ಹೇಳೇನಿ ನಿನಗ!" ಎಂದು ಅವನು ನಕ್ಕನು. ಅಜ್ಜಿಯೂ ನಕ್ಕು, "ಸಾಲಿ ಕಲೀಲಾರದ ಮಂದಿ ನಾವು, ನಮಗೆಲ್ಲಿ ತಿಳೀತೈತಿ" ಎಂದರು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ತನ್ನ ಕೊರತೆಯನ್ನು ಮತ್ತೊಂದರ ಮೇಲೆ ಹೊರಿಸುವವರನ್ನು ಕುರಿತು ಹಿರಿಯರು ಆಡಿದ ಮಾತು ಅದು. ಆದರೆ ಆ ಸಂಜೆ ನನಗೆ ಗಾದೆಯ ಇನ್ನೊಂದು ಮಗ್ಗುಲು ಹೊಳೆಯಿತು. ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಅಜ್ಜಿಯ ತರ್ಕದಲ್ಲಿ ತಪ್ಪೇನಿತ್ತು? ದೀಪದ ಗುಂಡಿ, ಕರೆಗಂಟೆಯ ಗುಂಡಿ, ಹಳೆಯ ಮೊಬೈಲಿನ ಹಸಿರು ಗುಂಡಿ, ಇವೆಲ್ಲವೂ ಒತ್ತಿದರೆ ಕೆಲಸ ಮಾಡುವಂಥವು. ಗಾಜಿನ ಮೇಲೆ ಮೂಡಿದ ಹಸಿರು ವೃತ್ತವೂ ಒತ್ತಬೇಕಾದ ಗುಂಡಿಯಂತೆಯೇ ಕಾಣುತ್ತದೆ. ಅದನ್ನು ಸರಿಸಬೇಕೆಂಬ ಸೂಚನೆ ಅಲ್ಲಿ ಇದ್ದಿರಬಹುದು. ಆದರೆ ಆ ಸೂಚನೆ ಅಕ್ಷರಗಳಲ್ಲಿತ್ತು. ಓದು ಬಾರದವರಿಗೆ ಅಕ್ಷರದಲ್ಲಿ ದಾರಿ ತೋರಿಸಿ, ಅವರು ದಾರಿ ತಪ್ಪಿದಾಗ ನಗುವುದು ನ್ಯಾಯವಲ್ಲ.

ಯಂತ್ರಗಳನ್ನು ನಿರ್ಮಿಸುವ ಶಾಸ್ತ್ರ ಒಂದಾದರೆ, ಆ ಯಂತ್ರಗಳೊಡನೆ ಜನರು ಹೇಗೆ ಒಡನಾಡುತ್ತಾರೆ ಎಂಬುದನ್ನು ಪರಿಶೀಲಿಸುವ ಶಾಸ್ತ್ರ ಮತ್ತೊಂದು. ಮೊದಲನೆಯದನ್ನು ಜಗತ್ತು ಕೊಂಡಾಡುತ್ತದೆ; ಎರಡನೆಯದರ ಹೆಸರನ್ನೂ ಬಹುಮಂದಿ ಕೇಳಿರಲಾರರು. ಆದರೆ ನಮ್ಮಂಥ ದೇಶಕ್ಕೆ ಎರಡನೆಯದೇ ಹೆಚ್ಚು ಅಗತ್ಯವಾದುದೆಂದು ನನ್ನ ಅಭಿಪ್ರಾಯ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದುದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಅಂದು ಅದು ಶ್ರೀಮಂತರ ಸೊತ್ತಾಗಿತ್ತು. 2003ರಲ್ಲಿ ಒಳಬರುವ ಕರೆಗೆ ಹಣ ತೆರುವ ಪದ್ಧತಿ ನಿಂತ ಮೇಲೆ ಬಡವರ ಕೈಗೂ ಮೊಬೈಲು ಬಂದಿತು. ಬಂದೊಡನೆ ಅವರು ಅದರೊಡನೆ ಮಾಡಿದ ಮೊದಲ ಚಮತ್ಕಾರವೆಂದರೆ ಮಿಸ್ ಕಾಲ್. ಕರೆ ಮಾಡಿ, ಆಚೆಯವರು ಎತ್ತಿಕೊಳ್ಳುವ ಮೊದಲೇ ನಿಲ್ಲಿಸಿಬಿಡುವುದು. ಕಾಸು ಖರ್ಚಾಗಲಿಲ್ಲ, ಸುದ್ದಿ ಮುಟ್ಟಿತು. ಒಂದು ಸದ್ದಿಗೆ 'ಬಸ್ಸು ಇಳಿದಿದ್ದೇನೆ' ಎಂಬ ಅರ್ಥ, ಎರಡು ಸದ್ದಿಗೆ 'ನೀನೇ ಕರೆ ಮಾಡು' ಎಂಬ ಅರ್ಥ, ಮನೆಮನೆಗೊಂದು ಸಂಕೇತ. ಯಾವ ತಂತ್ರಜ್ಞನೂ ಇದನ್ನು ಯೋಜಿಸಿರಲಿಲ್ಲ. ಆಫ್ರಿಕದ ರುವಾಂಡದಲ್ಲಿಯೂ ಇದೇ ರೂಢಿಯಿದ್ದುದನ್ನು ಜೊನಾಥನ್ ಡೋನರ್ ಎಂಬ ಸಂಶೋಧಕರು ಗಮನಿಸಿ, 2007ರಲ್ಲಿ ಅದರ ನಿಯಮಗಳನ್ನೇ ವಿವರಿಸಿ ಪ್ರಬಂಧ ಪ್ರಕಟಿಸಿದರು. ಇಬ್ಬರಲ್ಲಿ ಅನುಕೂಲವಂತನಾದವನೇ ಮರಳಿ ಕರೆ ಮಾಡಿ ಹಣ ತೆರಬೇಕೆಂಬುದು ಅಲ್ಲಿಯ ಜನರ ಒಂದು ನಿಯಮ. ನಮ್ಮ ಹಳ್ಳಿಗಳಲ್ಲಿ ಇದನ್ನು ಯಾರೂ ಬರೆದಿಡಲಿಲ್ಲ; ಆದರೆ ಪಾಲಿಸದವರಾರು?

ಈ ಡೋನರ್ ಅವರು ಕೆಲಕಾಲ ನಮ್ಮ ಬೆಂಗಳೂರಿನಲ್ಲಿಯೇ ದುಡಿದವರು. 2005ರಲ್ಲಿ ಅಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಸಂಶೋಧನಾಲಯದ ಒಂದು ತಂಡವು, ಬಡವರೂ ಓದು ಬಾರದವರೂ ಗಣಕಯಂತ್ರವನ್ನೂ ಮೊಬೈಲನ್ನೂ ಹೇಗೆ ಬಳಸುತ್ತಾರೆ ಎಂಬುದನ್ನು ತನ್ನ ವಿಷಯವಾಗಿ ಆರಿಸಿಕೊಂಡಿತು. ಆ ತಂಡದ ಇಂದ್ರಾಣಿ ಮೇಧಿ ಅವರು ಕೈಗೊಂಡ ಕಾರ್ಯವು ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. ಅವರು ಬೆಂಗಳೂರಿನ ಕೊಳೆಗೇರಿಗಳಲ್ಲಿ ವಾಸಿಸುವ, ಮನೆಗೆಲಸ ಮಾಡಿ ಬದುಕುವ ಹೆಣ್ಣುಮಕ್ಕಳ ನಡುವೆ ಕುಳಿತರು. ಎಲ್ಲಿ ಕೆಲಸವಿದೆ, ಸಂಬಳವೆಷ್ಟು ಎಂಬುದನ್ನು ಅಕ್ಷರದ ನೆರವಿಲ್ಲದೆ, ಚಿತ್ರ ಮತ್ತು ಧ್ವನಿಗಳಿಂದ ತಿಳಿಸುವ ವ್ಯವಸ್ಥೆಯೊಂದನ್ನು ರೂಪಿಸುವುದು ಅವರ ಉದ್ದೇಶವಾಗಿತ್ತು.

ಚಿತ್ರ ಬರೆಯುವುದು ಸುಲಭವೆಂದು ತೋರುತ್ತದೆ. ಪಾತ್ರೆಗಳ ಚಿತ್ರ ಬರೆದರೆ ಪಾತ್ರೆ ತೊಳೆಯುವ ಕೆಲಸವೆಂದು ಯಾರಿಗೆ ತಿಳಿಯದು? ತಿಳಿಯಲಿಲ್ಲ. ಪಾತ್ರೆಗಳ ಚಿತ್ರವು ಪಾತ್ರೆಗಳನ್ನಷ್ಟೇ ಸೂಚಿಸಿತು. ನಲ್ಲಿಯಿಂದ ನೀರು ಸುರಿಯುವುದನ್ನೂ, ಒಲೆಯ ಮೇಲಿನ ಪಾತ್ರೆಯಿಂದ ಹಬೆ ಏಳುವುದನ್ನೂ ತೋರಿಸಿದಾಗ ಮಾತ್ರ ಅದು ಕೆಲಸವಾಯಿತು. ನುಣುಪಾದ ಛಾಯಾಚಿತ್ರಗಳಿಗಿಂತ ಕೈಯಿಂದ ಬರೆದ ಸರಳ ಚಿತ್ರಗಳು ಹೆಚ್ಚು ಉಪಯುಕ್ತವಾದವು. ಇನ್ನೊಂದು ಸಂಗತಿಯೂ ಬೆಳಕಿಗೆ ಬಂದಿತು: ಒಂದಕ್ಷರವನ್ನೂ ಓದಲಾರದ ಅನೇಕರು ಅಂಕಿಗಳನ್ನು ತಡೆಯಿಲ್ಲದೆ ಗುರುತಿಸುತ್ತಿದ್ದರು. ಸಂತೆಯ ಲೆಕ್ಕ, ಬಸ್ಸಿನ ಸಂಖ್ಯೆ, ಕೈಗೆ ಬರುವ ನೋಟು, ಇವೆಲ್ಲ ಅವರಿಗೆ ಪಾಠ ಹೇಳಿದ್ದವು.

ಇಷ್ಟೆಲ್ಲ ಸರಿಪಡಿಸಿದರೂ ಆ ಹೆಂಗಳೆಯರು ಹಿಂಜರಿಯುತ್ತಲೇ ಇದ್ದರು. ಕಾರಣವನ್ನು ಅರಸುತ್ತ ಹೋದಾಗ ಕಂಡದ್ದು ಅಕ್ಷರದ ತೊಡಕಲ್ಲ. ಎಲ್ಲೋ ಇರುವ ಮನೆಯಲ್ಲಿ ಕೆಲಸ ಖಾಲಿಯಿದೆಯೆಂಬ ಸಂಗತಿ ಈ ಪೆಟ್ಟಿಗೆಯೊಳಗೆ ಹೇಗೆ ಬಂದಿತು, ತಂದು ಹಾಕಿದವರು ಯಾರು ಎಂಬುದು ಅವರಿಗೆ ಸ್ಪಷ್ಟವಾಗಿರಲಿಲ್ಲ. ಮೂಲವರಿಯದ ಮಾತನ್ನು ನಂಬದಿರುವುದು ಜಾಣತನವೇ ಹೊರತು ಅಜ್ಞಾನವಲ್ಲ. ಕೆಲಸ ಕೊಡುವ ಮನೆಯವರು ವಿವರ ತಿಳಿಸುವುದರಿಂದ ಮೊದಲುಗೊಂಡು ಕೆಲಸ ದೊರೆಯುವವರೆಗಿನ ಕಥೆಯನ್ನು ಒಂದು ಕಿರುನಾಟಕದಂತೆ ಚಿತ್ರೀಕರಿಸಿ ತೋರಿಸಿದ ಮೇಲೆ ಅವರಿಗೆ ಯಂತ್ರದ ಬಳಕೆ ಬಹಳ ಸುಗಮವಾಯಿತು. 2007ರಲ್ಲಿ ಈ ವಿವರಗಳು ಪ್ರಕಟವಾದವು. ಯಂತ್ರಕ್ಕೆ ಹೆದರುವವರನ್ನು ಹಳಿಯುವ ನಮ್ಮ ವಿದ್ಯಾವಂತರು ಇದನ್ನು ಒಮ್ಮೆ ಓದಬೇಕು.

ಜನರನ್ನು ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡರೆ ಸಾಲದೇ, ಹೀಗೆ ಪಕ್ಕದಲ್ಲಿ ಕುಳಿತು ನೋಡಬೇಕೇಕೆ ಎಂದು ಕೆಲವರು ಕೇಳಬಹುದು. ಗುಜರಾತಿನಲ್ಲಿ 'ಆವಾಜ್ ಓಟಲೋ' ಎಂಬ ದೂರವಾಣಿ ವ್ಯವಸ್ಥೆಯಿತ್ತು. ಓಟಲೋ ಎಂದರೆ ನಮ್ಮ ಮನೆಮುಂದಿನ ಕಟ್ಟೆಯೇ. ಇದು ಧ್ವನಿಯ ಕಟ್ಟೆ. ರೈತರು ಕರೆ ಮಾಡಿ ತಮ್ಮ ಪ್ರಶ್ನೆಯನ್ನು ದಾಖಲಿಸಬಹುದು, ಇತರರ ಪ್ರಶ್ನೋತ್ತರಗಳನ್ನು ಕೇಳಬಹುದು. ಯಾರ ಸಲಹೆ ನಿಮಗೆ ಬೇಕು ಎಂದು ಕೇಳಿದಾಗ, ವಿಜ್ಞಾನಿಗಳದೇ ಬೇಕೆಂದು ರೈತರು ಹೇಳಿದರು. ಸಂಶೋಧಕರು ಕೆಲವು ಸಲಹೆಗಳನ್ನು ವಿಜ್ಞಾನಿಗಳ ಧ್ವನಿಯಲ್ಲಿಯೂ ಕೆಲವನ್ನು ರೈತರ ಧ್ವನಿಯಲ್ಲಿಯೂ ಕಳುಹಿಸಿ ಪರೀಕ್ಷಿಸಿದರು. ಹೆಚ್ಚಿನ ವಿವರಕ್ಕಾಗಿ ಮರಳಿ ಕರೆ ಬಂದುದು ರೈತರ ಧ್ವನಿಗೇ ಹೆಚ್ಚು! 2012ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ರೈತರು ಸುಳ್ಳಾಡಿದರೆಂದು ಅರ್ಥವಲ್ಲ. ಬಾಯಿ ಹೇಳುವುದೇ ಒಂದು, ಬೆರಳು ಮಾಡುವುದೇ ಮತ್ತೊಂದು. ಇದು ನಮ್ಮೆಲ್ಲರಲ್ಲಿಯೂ ಇರುವ ಗುಣ.

ಇನ್ನು ಪೇಟೆಯ ವಿಷಯ. ಕೇರಳದ ಕಡಲತೀರದಲ್ಲಿ 1997ರಿಂದ 2001ರವರೆಗೆ ಮೊಬೈಲು ಹಂತಹಂತವಾಗಿ ಬಂದಾಗ ಮೀನುಗಾರರು ದೋಣಿಯಲ್ಲಿರುವಾಗಲೇ ಯಾವ ಬಂದರಿನಲ್ಲಿ ಬೆಲೆ ಹೆಚ್ಚೆಂದು ತಿಳಿದುಕೊಂಡು ಅಲ್ಲಿಗೆ ಸಾಗತೊಡಗಿದರು. ಮಾರಾಟವಾಗದೆ ಕೊಳೆತುಹೋಗುತ್ತಿದ್ದ ಮೀನು ಇಲ್ಲವಾಯಿತು. ಅವರ ಲಾಭ ನೂರಕ್ಕೆ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ನೂರಕ್ಕೆ 4ರಷ್ಟು ಇಳಿಯಿತು ಎಂದು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ತೋರಿಸಿದರು. ಈ ಕಥೆ ಜಗತ್ತಿನಲ್ಲೆಲ್ಲ ಹರಡಿತು. ಮೊಬೈಲು ಬಂದರೆ ರೈತನ ಕಷ್ಟ ಹರಿಯಿತೆಂದು ಭಾಷಣಗಳಾದವು. ಆದರೆ ನಮ್ಮ ನೆರೆಯ ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ರೈತರ ಮೊಬೈಲಿಗೆ ಪೇಟೆಯ ಧಾರಣೆ, ಹವಾಮಾನಗಳನ್ನು ಸಂದೇಶಗಳ ಮೂಲಕ ಕಳುಹಿಸಿ ಪರೀಕ್ಷಿಸಿದಾಗ, ಸಂದೇಶ ಪಡೆದ ರೈತರಿಗೂ ಪಡೆಯದವರಿಗೂ ದೊರೆತ ಬೆಲೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈ ಅಧ್ಯಯನ ಪ್ರಕಟವಾದುದು 2012ರಲ್ಲಿ. ಭಾಷಣಗಳಲ್ಲಿ ಇದರ ಪ್ರಸ್ತಾಪ ಕಡಿಮೆ.

ಕಾರಣ ಊಹಿಸುವುದು ಗದಗ ಸೀಮೆಯವರಿಗೆ ಕಷ್ಟವಲ್ಲ. ದೋಣಿಯನ್ನು ಬೇರೆ ಬಂದರಿಗೆ ತಿರುಗಿಸಬಹುದು. ಈರುಳ್ಳಿಯ ಚೀಲಗಳನ್ನು ಬೆಂಗಳೂರಿಗೆ ಸಾಗಿಸಲು ಲಾರಿಯ ಬಾಡಿಗೆ ಬೇಕು. ಬೀಜ ಗೊಬ್ಬರಗಳಿಗೆ ಮುಂಗಡ ಕೊಟ್ಟ ದಲಾಲನಿದ್ದರೆ ಮಾಲು ಅವನ ಅಂಗಡಿಗೇ ಹೋಗಬೇಕು. ಬೆಲೆ ಗೊತ್ತಿದ್ದೂ ಕೈ ಕಟ್ಟಿದ್ದರೆ ಮೊಬೈಲು ಏನು ಮಾಡೀತು? ಈ ಸತ್ಯವನ್ನು ನೂರು ವರ್ಷಗಳ ಹಿಂದೆಯೇ ಕಂಡುಕೊಂಡವರು ಇದೇ ಗದಗ ತಾಲ್ಲೂಕಿನವರು. ಸಿದ್ದನಗೌಡ ಪಾಟೀಲರು ಮುಂದಾಗಿ ನಿಂತು 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿದುದು ರೈತನ ಕೈಯ ಆ ಕಟ್ಟನ್ನು ಬಿಚ್ಚುವುದಕ್ಕಾಗಿಯೇ. ಮೊಬೈಲನ್ನು ಅಧ್ಯಯನ ಮಾಡುವವನು ಮೊಬೈಲನ್ನಷ್ಟೇ ನೋಡಿದರೆ ಸಾಲದು. ಅದನ್ನು ಹಿಡಿದ ಕೈಗೆ ಏನೇನು ಕಟ್ಟುಗಳಿವೆಯೆಂಬುದನ್ನೂ ನೋಡಬೇಕಾಗುತ್ತದೆ.

ಹೆಣ್ಣುಮಕ್ಕಳ ಕೈಯಂತೂ ಇನ್ನಷ್ಟು ಬಿಗಿಯಾಗಿ ಕಟ್ಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲು ತಮ್ಮಲ್ಲಿದೆಯೆಂದ ಮಹಿಳೆಯರು ದೇಶದಲ್ಲಿ ನೂರಕ್ಕೆ 54 ಮಂದಿ ಮಾತ್ರ. ಇದ್ದವರದೂ ಸಂಪೂರ್ಣವಾಗಿ ಅವರದಲ್ಲ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಹೆಂಗಸರನ್ನು ಕುರಿತು ನಿತ್ಯಾ ಸಾಂಬಶಿವನ್ ಮತ್ತು ಅವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಗಸಿನ ಮೊಬೈಲನ್ನು ಮಕ್ಕಳೂ ಗಂಡನೂ ಅತ್ತೆಯೂ ಎತ್ತಿಕೊಳ್ಳುವುದು ಸಹಜವೆಂದೇ ಮನೆಯವರು ಭಾವಿಸಿದ್ದುದು ಕಂಡುಬಂದಿತು. ಕೊಡಲಾರೆ ಎನ್ನುವಂತಿಲ್ಲ, ಆದುದರಿಂದ ಅವರು ಕೆಲವು ಸಂದೇಶಗಳನ್ನು ಅಳಿಸಿ, ಕೆಲವು ಭಾಗಗಳಿಗೆ ಬೀಗ ಹಾಕಿ, ನಗುನಗುತ್ತಲೇ ಮೊಬೈಲನ್ನು ಕೊಟ್ಟುಬಿಡುತ್ತಿದ್ದರು. ಒಂದು ಮೊಬೈಲಿಗೆ ಒಬ್ಬನೇ ಒಡೆಯನೆಂದು ಭಾವಿಸಿ ಯಂತ್ರವನ್ನು ರೂಪಿಸಿದವರಿಗೆ ಈ ಮನೆಗಳ ಅರಿವಿರಲಿಲ್ಲ.

ನಿಮ್ಮ ವಯಸ್ಸಿನವರ ಬಗೆಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಒಂದೇ ಮಾತು: ಮೊಬೈಲಿನಿಂದ ಹುಡುಗರು ಕೆಟ್ಟರು. ಕೆಟ್ಟವರು ಇಲ್ಲವೆಂದು ನಾನು ಹೇಳಲಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇಂಥವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಯಿತು. ಆದರೆ ಇದೇ ಹಿರಿಯರು 2020ರಲ್ಲಿ ಶಾಲೆಗಳು ಮುಚ್ಚಿದಾಗ ಸಾಲ ಮಾಡಿಯಾದರೂ ಮಕ್ಕಳ ಕೈಗೆ ಮೊಬೈಲು ಕೊಟ್ಟದ್ದನ್ನು ನಾವು ಮರೆಯಬಾರದು. ಕೊಟ್ಟವರು ನಾವು, ಹೇಗೆ ಬಳಸುತ್ತಾರೆಂದು ಕುಳಿತು ನೋಡದಿದ್ದವರೂ ನಾವೇ. 2024ರ ಅಸರ್ ಸಮೀಕ್ಷೆಯಲ್ಲಿ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳ ಪೈಕಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನು ಬಳಸಲು ಬರುತ್ತಿತ್ತು. ಬರುತ್ತಿದ್ದವರಲ್ಲಿ ಹಿಂದಿನ ವಾರ ಅದನ್ನು ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ನೂರಕ್ಕೆ 76 ಮಂದಿ. ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು 57 ಮಂದಿ. ಮೊದಲ ಅಂಕಿಯನ್ನು ಕಂಡು ಹಿರಿಯರು ಬೈಯುತ್ತಾರೆ. ಎರಡನೆಯದನ್ನು ಕಂಡು ಯಾರೂ ಬೆನ್ನು ತಟ್ಟಿದ್ದನ್ನು ನಾನು ಕಾಣೆ.

ಇಲ್ಲಿಯವರೆಗೆ ಹೇಳಿದ ಅಧ್ಯಯನಗಳು ನಡೆದುದು ಬೆಂಗಳೂರಿನಲ್ಲಿ, ಗುಜರಾತಿನಲ್ಲಿ, ಕೇರಳದ ತೀರದಲ್ಲಿ. ಎರೆನೆಲದ ಒಂದು ಹಳ್ಳಿಯ ಕಟ್ಟೆಗೆ ಸಂಶೋಧಕರು ಬರುವವರೆಗೆ ಕಾಯಬೇಕಾಗಿಲ್ಲ. ಇದಕ್ಕೆ ಪ್ರಯೋಗಶಾಲೆ ಬೇಡ. ನಗದೆ, ಮೊಬೈಲನ್ನು ಕಸಿದುಕೊಳ್ಳದೆ, ಅರ್ಧ ಗಂಟೆ ಪಕ್ಕದಲ್ಲಿ ಕೂರುವ ತಾಳ್ಮೆ ಬೇಕು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಇದು ಅಸಾಧ್ಯವೇನಲ್ಲ.

ಆ ಸಂಜೆ ನಾನು ಅಜ್ಜಿಯನ್ನು ಕೇಳಿದೆ: "ಹಳೇ ಫೋನಿನ್ಯಾಗ ಯಾರ್ದು ಬಂದೈತಿ ಅಂತ ಹೆಂಗ ಗುರ್ತ ಹಿಡೀತಿದ್ರಿ?" ಅವರು ತಡಮಾಡಲಿಲ್ಲ. "ಕಡೀಕ ಎರಡು ಸೊನ್ನಿ ಇದ್ರ ಮಗಳದು. ಏಳು, ಒಂದು ಇದ್ರ ಮಗಂದು. ಅಂಕಿ ಬರ್ತಾವಲ್ರೀ ನನಗ" ಎಂದರು. ಮೊಮ್ಮಗನು ತಲೆಯೆತ್ತಿ ನೋಡಿದನು. ಅಜ್ಜಿಗೆ ಅನುಕೂಲವಾಗಲೆಂದು ಹೊಸ ಮೊಬೈಲಿನಲ್ಲಿ ಎಲ್ಲರ ಹೆಸರುಗಳನ್ನು ಬರೆದಿಟ್ಟವನು ಅವನೇ. ಹೆಸರು ಬರೆದಿಟ್ಟ ಮೇಲೆ, ಕರೆ ಬಂದಾಗ ಆ ಗಾಜಿನ ಮೇಲೆ ಅಂಕಿಗಳ ಬದಲು ಅಕ್ಷರಗಳು ಮೂಡತೊಡಗಿದ್ದವು. ಅವನು ಮಾತನಾಡಲಿಲ್ಲ. ಮೊಬೈಲನ್ನು ಕೈಗೆತ್ತಿಕೊಂಡು, ಅಜ್ಜಿಯ ಪಕ್ಕದಲ್ಲಿ ಮೆಣಸಿನಕಾಯಿಯ ರಾಶಿಯನ್ನು ಸ್ವಲ್ಪ ಸರಿಸಿ ಕುಳಿತು, ಒಂದೊಂದೇ ಹೆಸರನ್ನು ಅಳಿಸುತ್ತ, "ಇದು ಯಾರ್ದು ಹೇಳ ಆಯಿ?" ಎಂದು ಅಂಕಿಗಳನ್ನು ತೋರಿಸತೊಡಗಿದನು.