ಏಳಲಾರದವನು ಎದ್ದ ದಿನ

ಮುಂಜಾನೆ ಏಳುವವರನ್ನು ಶ್ರಮಶೀಲರೆಂದೂ ತಡವಾಗಿ ಏಳುವವರನ್ನು ಸೋಮಾರಿಗಳೆಂದೂ ವಿಂಗಡಿಸಿಬಿಡುವುದು ಸುಲಭ. ಆದರೆ ಮೂರನೆಯ ಬಗೆಯವರೂ ಇದ್ದಾರೆ. ವರ್ಷವೆಲ್ಲ ಏಳು ಗಂಟೆಯಾದರೂ ಹೊದಿಕೆ ಸರಿಸಲೊಲ್ಲದ ಇವರು, ಮನಸ್ಸಿಗೆ ಹಿಡಿಸಿದ ಪ್ರಯಾಣವೊಂದು ಒದಗಿದಾಗ ಮಾತ್ರ ಯಾರೂ ಕರೆಯದೆ ನಾಲ್ಕಕ್ಕೇ ಎದ್ದು ಕುಳಿತಿರುತ್ತಾರೆ. ಮನೆಯವರು ಕಂಡು ನಗುತ್ತಾರೆ. ನಗೆಯ ಜೊತೆಗೆ ವಿಚಾರಕ್ಕೂ ಇಲ್ಲಿ ಅವಕಾಶವಿದೆ.

ಹಾಸನ ಸೀಮೆಯಲ್ಲಿ ಇಂತಹ ವಿನಾಯಿತಿಗೆ ಕಾರಣಗಳು ಹೇರಳ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯನ್ನು ಬರಿಗಾಲಿನಲ್ಲಿಯೇ ಏರಬೇಕು. ಸುಮಾರು 650 ಮೆಟ್ಟಿಲುಗಳು. ಬಿಸಿಲೇರಿದ ಮೇಲೆ ಬಂಡೆ ಕಾಯುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ಮೂಡಿದ ಗೊಮ್ಮಟನ ದರ್ಶನಕ್ಕೆ ಬೆಳಗಿನ ತಂಪೇ ಯೋಗ್ಯ. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರೆ ಮುಳುಗಿ ನಿಲ್ಲುವುದನ್ನು ಮಂಜು ಕರಗುವ ಮುನ್ನ ಕಾಣಬೇಕು. ಹೊಳೆನರಸೀಪುರದ ಹೇಮಾವತಿ ತೀರ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಸೋಪಾನ, ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಸರದಿಸಾಲು, ಇವೆಲ್ಲ ನಿದ್ರಾಪ್ರಿಯನನ್ನೂ ಎಬ್ಬಿಸಬಲ್ಲವು.

ಹೀಗೆ ಏಳುವುದು ತಪ್ಪಲ್ಲ, ಸಂತೋಷದ ವಿಷಯವೇ. ಆದರೆ ಆ ಒಂದು ದಿನ ಉಳಿದ ದಿನಗಳಿಗೆ ಸಾಕ್ಷಿ ನುಡಿಯುತ್ತದೆ. "ಬೆಳಿಗ್ಗೆ ಏಳಲು ನನ್ನಿಂದ ಆಗುವುದಿಲ್ಲ" ಎಂಬ ಮಾತು ಅಂದಿಗೆ ಸುಳ್ಳಾಗುತ್ತದೆ. ಆಗುವುದಿಲ್ಲ ಎಂಬುದರ ನಿಜವಾದ ಅರ್ಥ, ಅಷ್ಟು ಬೇಕಾಗಿಲ್ಲ ಎಂದಿರುತ್ತದೆ. ವೃದ್ಧ ತಂದೆ ಆಸ್ಪತ್ರೆಯ ಚೀಟಿಗಾಗಿ ಬೇಗ ಹೊರಡೋಣವೆಂದಾಗ ಏಳಲಾರದ ಮಗ, ಮರುವಾರ ಗೆಳೆಯರೊಡನೆ ಬೆಟ್ಟಕ್ಕೆ ಹೊರಡಲು ನಾಲ್ಕಕ್ಕೆ ಎದ್ದರೆ, ತಂದೆ ಏನನ್ನೂ ಹೇಳುವುದಿಲ್ಲ, ಅರಿತುಕೊಳ್ಳುತ್ತಾನೆ. ನಡೆನುಡಿಗಳು ಒಂದಾಗಿರಬೇಕೆಂದು ಶರಣರು ಹೇಳಿದುದು ಇಂತಹ ಸಣ್ಣ ಸಂಗತಿಗಳಿಗೂ ಸಲ್ಲುತ್ತದೆ.

ಇನ್ನೊಂದು ವಿಷಯವಿದೆ. ಪ್ರವಾಸಕ್ಕಾಗಿ ಎದ್ದವನು ಕತ್ತಲಲ್ಲಿ ಹೊರಟಾಗ ಲೋಕ ಆಗಲೇ ಎಚ್ಚತ್ತಿರುವುದನ್ನು ಕಾಣುತ್ತಾನೆ. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದ ತಾಯಂದಿರು, ಹೊಗೆಸೊಪ್ಪು ಹದಮಾಡುವ ಕಾಲದಲ್ಲಿ ಅರಕಲಗೂಡಿನ ಕಡೆ ರಾತ್ರಿಯಿಡೀ ಬೆಂಕಿ ಕಾದ ರೈತ, ಮೊದಲ ಬಸ್ಸಿನ ಚಾಲಕ, ಇವರಾರಿಗೂ ವಿನಾಯಿತಿಯಿಲ್ಲ. ಅವನ ಬುತ್ತಿಯ ಚಿತ್ರಾನ್ನ ಕಟ್ಟಲು ಮನೆಯಾಕೆ ಮೂರಕ್ಕೇ ಎದ್ದಿರುತ್ತಾಳೆ. ಅವನ ಒಂದು ದಿನದ ಸಾಹಸ ಅವರ ನಿತ್ಯದ ಬದುಕು.

ಹಾಗೆಂದು ಬೇಗ ಏಳುವುದೇ ಪುಣ್ಯವೆನ್ನಲಾಗದು. ಕಾಲಕ್ಕೆ ತಾನಾಗಿ ಮಹಿಮೆಯಿದೆಯೆಂದು ಶರಣರು ಒಪ್ಪಲಿಲ್ಲ. ಅವರು ಬೆಲೆ ಕೊಟ್ಟುದು ಕಾಯಕಕ್ಕೆ. ಆಯ್ದಕ್ಕಿ ಮಾರಯ್ಯನ ಕಥೆ ಭಕ್ತರಿಗೆ ತಿಳಿದುದೇ. ಶರಣರ ಅನುಭಾವ ಗೋಷ್ಠಿಯಲ್ಲಿ ಮೈಮರೆತಿದ್ದ ಅವನಿಗೆ ಕಾಯಕ ನಿಂತಿದೆಯೆಂದು ನೆನಪಿಸಿದವಳು ಪತ್ನಿ ಲಕ್ಕಮ್ಮ. ಅನುಭಾವದಂತಹ ಉನ್ನತ ಸಂಗವೂ ನಿತ್ಯಕರ್ತವ್ಯದಿಂದ ಬಿಡುಗಡೆ ನೀಡದೆಂದ ಮೇಲೆ, ವಿಹಾರದ ಮಾತೇನು? ರಾತ್ರಿಪಾಳಿ ದುಡಿದವನು ಹತ್ತಕ್ಕೆ ಎದ್ದರೂ ಅವನು ಸೋಮಾರಿಯಲ್ಲ.

ಆದುದರಿಂದ ಬೆಳಗಿನ ನಿದ್ರೆಯನ್ನು ಪ್ರೀತಿಸುವವರು ಸಂಕೋಚವಿಲ್ಲದೆ ಬೆಟ್ಟಕ್ಕೂ ಹೊಳೆಗೂ ಹೋಗಿಬರಲಿ. ಆದರೆ ವಿನಾಯಿತಿಯ ಪಟ್ಟಿಯಲ್ಲಿ ತಮಗೆ ಪ್ರಿಯವಾದುದರ ಜೊತೆಗೆ ತಮ್ಮವರಿಗೆ ಅಗತ್ಯವಾದುದೂ ಸೇರಲಿ. ತಿಂಗಳಿಗೊಮ್ಮೆ ತಂದೆಯ ಆಸ್ಪತ್ರೆಗಾಗಿ, ವಾರಕ್ಕೊಮ್ಮೆ ಒಲೆ ಹೊತ್ತಿಸುವಾಕೆಯ ವಿಶ್ರಾಂತಿಗಾಗಿ ಎದ್ದರೆ, ಆ ಏಳುವಿಕೆಯೂ ಒಂದು ಯಾತ್ರೆಯೇ ಆದೀತು.