ಕಾಲೇಜಿನ ಚುನಾವಣಾ ಕಣ ಮತ್ತು ನಮ್ಮ ಮನೆಯ ಮಕ್ಕಳು

ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ಮತ್ತೆ ಆರಂಭಿಸುವ ಬಗ್ಗೆ ಪರಿಶೀಲಿಸಲು ಸಮಿತಿಯೊಂದನ್ನು ರಚಿಸುವುದಾಗಿ 2025ರ ನವೆಂಬರಿನಲ್ಲಿ ಉಪಮುಖ್ಯಮಂತ್ರಿ ಶ್ರೀ ಡಿ.ಕೆ. ಶಿವಕುಮಾರ್ ಅವರು ಪ್ರಕಟಿಸಿದರು. 1989ರಲ್ಲಿ ನಿಂತುಹೋದ ಈ ಚುನಾವಣೆಗಳ ನೆನಪು ಇಂದಿನ ಬಹುಪಾಲು ತಂದೆತಾಯಿಯರಿಗೇ ಇಲ್ಲ. ಆಗ ಮತ ಹಾಕಿದವರು ಈಗ ಅಜ್ಜ ಅಜ್ಜಿಯರಾಗುವ ವಯಸ್ಸಿನಲ್ಲಿದ್ದಾರೆ. ಆದಕಾರಣ ಈ ಸುದ್ದಿ ಅನೇಕ ಮನೆಗಳಲ್ಲಿ ಹೊಸದೊಂದು ಆತಂಕವನ್ನೇ ತಂದಿದೆ. ಸರ್ಕಾರ ಏನು ಮಾಡುತ್ತದೆ ಎಂಬುದಕ್ಕಿಂತ ಹತ್ತಿರದ ಪ್ರಶ್ನೆಯೊಂದು ನಮ್ಮ ಕುಟುಂಬಗಳ ಮುಂದಿದೆ: ನಾಳೆ ನಮ್ಮ ಮಗನೋ ಮಗಳೋ ಬಂದು “ನಾನು ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲುತ್ತೇನೆ” ಎಂದರೆ ನಾವು ಏನೆನ್ನಬೇಕು?

ಉತ್ತರ ಹೇಳುವ ಮೊದಲು ಚುನಾವಣೆಗಳು ನಿಂತದ್ದೇಕೆಂದು ನೆನೆಯುವುದು ನ್ಯಾಯ. ಗುಂಪುಗಾರಿಕೆ, ಹೊಡೆದಾಟ, ಹೊರಗಿನವರ ಹಣ, ಜಾತಿಯ ಲೆಕ್ಕಾಚಾರ ಇವೆಲ್ಲ ಕಾಲೇಜಿನ ಅಂಗಳಕ್ಕೆ ನುಗ್ಗಿದ್ದವು. ಪಾಠ ಪ್ರವಚನಗಳು ಕೆಟ್ಟವು. ಚುನಾವಣೆಯನ್ನೇ ನಿಲ್ಲಿಸುವುದು ಆಡಳಿತಕ್ಕೆ ಸುಲಭದ ಪರಿಹಾರವಾಗಿ ಕಂಡಿತು. ಇದರಲ್ಲೊಂದು ವಿಪರ್ಯಾಸವೂ ಇದೆ. ಸಂವಿಧಾನದ 61ನೆಯ ತಿದ್ದುಪಡಿಯ ಮೂಲಕ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಇದೇ 1989ರ ಮಾರ್ಚ್ 28ರಂದು. ದೇಶದ ಪ್ರಧಾನಿಯನ್ನು ನಿರ್ಧರಿಸುವ ವಿವೇಕ ಹದಿನೆಂಟರ ತರುಣನಿಗೆ ಉಂಟೆಂದು ಸಂಸತ್ತು ಒಪ್ಪಿತು. ಅದೇ ವರ್ಷ ತನ್ನ ಕಾಲೇಜಿನ ಗ್ರಂಥಾಲಯದ ವಿಷಯವಾಗಿ ಮಾತನಾಡಬಲ್ಲ ಪ್ರತಿನಿಧಿಯನ್ನು ಆರಿಸುವ ವಿವೇಕ ಅವನಿಗಿಲ್ಲವೆಂದು ನಮ್ಮ ರಾಜ್ಯ ತೀರ್ಮಾನಿಸಿತು.

ವಿದ್ಯಾರ್ಥಿಗಳ ಸಾರ್ವಜನಿಕ ಹೊಣೆಗಾರಿಕೆ ಮೈಸೂರಿಗೆ ಹೊಸದಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡ ಊರು ಇದು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲವೆಂದು ‘ಮೈಸೂರು ಚಲೋ’ ಚಳವಳಿ ನಡೆದಾಗ, ತರಗತಿ ಬಿಟ್ಟು ಬೀದಿಗಿಳಿದವರಲ್ಲಿ ವಿದ್ಯಾರ್ಥಿಗಳು ಮುಂದಿದ್ದರು. ಆ ಸೆಪ್ಟೆಂಬರಿನಲ್ಲಿ ಗುಂಡಿಗೆ ಬಲಿಯಾದ ಬಾಲಕ ರಾಮಸ್ವಾಮಿಯ ಹೆಸರನ್ನು ನಾವು ದಿನವೂ ಹಾದುಹೋಗುವ ವೃತ್ತವೊಂದು ಹೊತ್ತಿದೆ. ಮರುತಿಂಗಳೇ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜನರ ಸರ್ಕಾರ ಬಂತು. ವಿದ್ಯಾರ್ಥಿಗೆ ರಾಜಕೀಯವೇಕೆ ಎಂದು ಕೇಳುವವರು ರಾಮಸ್ವಾಮಿ ವೃತ್ತದಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು.

ಹಾಗೆಂದು ತಂದೆತಾಯಿಯರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. 2006ರ ಆಗಸ್ಟಿನಲ್ಲಿ ಉಜ್ಜಯಿನಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಯ ಗಲಭೆಯ ನಡುವೆ ಪ್ರಾಧ್ಯಾಪಕ ಸಭರ್‌ವಾಲ್ ಅವರು ಪ್ರಾಣ ಕಳೆದುಕೊಂಡರು. 2018ರ ಜುಲೈನಲ್ಲಿ ಎರ್ನಾಕುಳಂನ ಮಹಾರಾಜಾಸ್ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘಟನೆಯ ತರುಣನೊಬ್ಬ ಇರಿತಕ್ಕೆ ಬಲಿಯಾದನು. 2024ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಉಮೇದುವಾರರು ನಗರದ ಗೋಡೆಗಳನ್ನು ಎಷ್ಟು ಹೊಲಸು ಮಾಡಿದರೆಂದರೆ, ಅವನ್ನು ಸ್ವಚ್ಛಗೊಳಿಸುವವರೆಗೆ ಮತ ಎಣಿಸಕೂಡದೆಂದು ಅಲ್ಲಿನ ಉಚ್ಚ ನ್ಯಾಯಾಲಯ ತಡೆಯಬೇಕಾಯಿತು. ಸೆಪ್ಟೆಂಬರಿನ ಚುನಾವಣೆಯ ಫಲಿತಾಂಶ ಹೊರಬಂದದ್ದು ನವೆಂಬರಿನಲ್ಲಿ. ಇವನ್ನೆಲ್ಲ ಪತ್ರಿಕೆಯಲ್ಲಿ ಓದಿದ ತಾಯಿಯೊಬ್ಬಳು “ನನ್ನ ಮಗ ಓದಿಕೊಂಡಿದ್ದರೆ ಸಾಕು” ಎಂದರೆ ಅದು ಹೇಡಿತನವಲ್ಲ, ಕರುಳಿನ ಮಾತು.

ಆದರೆ ರೋಗವಿದೆಯೆಂದು ಅಂಗವನ್ನೇ ಕತ್ತರಿಸುವುದು ವೈದ್ಯನ ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ 2006ರಲ್ಲಿ ಈ ರೋಗಕ್ಕೆ ಔಷಧಿಯ ಚೀಟಿಯನ್ನು ಬರೆದುಕೊಟ್ಟಿದೆ. ಅದೇ ವರ್ಷದ ಸೆಪ್ಟೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಜಾರಿಗೊಳಿಸುವಂತೆ ಆದೇಶಿಸಿತು. ಪದವಿ ತರಗತಿಯ ಉಮೇದುವಾರರ ವಯಸ್ಸು 17ರಿಂದ 22ರೊಳಗಿರಬೇಕು. ಶೇಕಡಾ 75ರಷ್ಟು ಹಾಜರಿ ಇರಬೇಕು. ಆ ವರ್ಷ ಯಾವ ವಿಷಯವನ್ನೂ ಬಾಕಿ ಉಳಿಸಿಕೊಂಡಿರಬಾರದು. ಕ್ರಿಮಿನಲ್ ಹಿನ್ನೆಲೆ ಇರಕೂಡದು. ಒಬ್ಬರ ಖರ್ಚು 5,000 ರೂಪಾಯಿ ಮೀರಬಾರದು. ಅಚ್ಚು ಹಾಕಿಸಿದ ಭಿತ್ತಿಪತ್ರ ಬೇಡ, ಕೈಯಲ್ಲಿ ಬರೆದದ್ದಷ್ಟೇ. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನಗಳಲ್ಲಿ ಮುಗಿಯಬೇಕು. ಪದಾಧಿಕಾರಿ ಸ್ಥಾನಕ್ಕೆ ಒಬ್ಬರಿಗೆ ಒಂದೇ ಅವಕಾಶ. ಈ ನಿಯಮಗಳನ್ನು ಪಾಲಿಸಿದ ಕಡೆ ಓದನ್ನು ಬಿಟ್ಟು ಹತ್ತು ವರ್ಷ ಕ್ಯಾಂಪಸ್ಸಿನಲ್ಲೇ ಠಿಕಾಣಿ ಹೂಡುವ ‘ವಿದ್ಯಾರ್ಥಿ ನಾಯಕ’ನಿಗೆ ಜಾಗವಿರದು.

ಇನ್ನೂ ಒಂದು ಮಾತನ್ನು ಗಂಭೀರವಾಗಿ ಪರಿಶೀಲಿಸಬೇಕು. ಚುನಾವಣೆ ನಿಂತುದರಿಂದ ನಮ್ಮ ಕಾಲೇಜುಗಳಲ್ಲಿ ರಾಜಕೀಯ ನಿಂತಿತೇ? 2021ರ ಕೊನೆಯಲ್ಲಿ ಉಡುಪಿಯ ಪದವಿಪೂರ್ವ ಕಾಲೇಜೊಂದರಲ್ಲಿ ಆರಂಭವಾದ ಹಿಜಾಬ್ ವಿವಾದ 2022ರ ಫೆಬ್ರುವರಿಯ ಹೊತ್ತಿಗೆ ರಾಜ್ಯದ ಪದವಿ ಕಾಲೇಜುಗಳಿಗೂ ಹಬ್ಬಿ, ಕೆಲವು ದಿನ ಬಾಗಿಲು ಮುಚ್ಚಿಸಿತು. ಸರಿ ತಪ್ಪುಗಳ ಚರ್ಚೆ ಇಲ್ಲಿ ಬೇಡ. ನಮ್ಮನ್ನು ಕಾಡಿದ್ದು ಬೇರೆಯೇ ಸಂಗತಿ: ಸಚಿವರು ಮಾತನಾಡಿದರು, ಪಕ್ಷಗಳು ಮಾತನಾಡಿದವು, ವಕೀಲರು ಮಾತನಾಡಿದರು; ಆದರೆ ಎರಡೂ ಕಡೆಯ ಸಹಪಾಠಿಗಳನ್ನು ಕೂರಿಸಿಕೊಂಡು “ನಾವೆಲ್ಲ ಆರಿಸಿದವನು ನೀನು, ನೀನು ಹೇಳು” ಎನ್ನಿಸಿಕೊಳ್ಳಬಲ್ಲ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ. ಮುಂಬಾಗಿಲನ್ನು ಮುಚ್ಚಿದರೆ ರಾಜಕೀಯ ಹಿತ್ತಲಿನಿಂದ ಬರುತ್ತದೆ. ಹಾಗೆ ಬಂದಾಗ ಅದಕ್ಕೆ ನಿಯಮವೂ ಇಲ್ಲ, ಉತ್ತರದಾಯಿತ್ವವೂ ಇಲ್ಲ. ಸದ್ದಿಲ್ಲದಿರುವುದೇ ಶಾಂತಿಯಲ್ಲ. ಸಮಾಧಿಯಲ್ಲೂ ಸದ್ದಿರುವುದಿಲ್ಲ.

ಪವಿತ್ರ ಗ್ರಂಥದಲ್ಲಿ ನ್ಯಾಯಸ್ಥಾಪಕರ ಪುಸ್ತಕದ ಒಂಬತ್ತನೆಯ ಅಧ್ಯಾಯದಲ್ಲಿ ಯೋತಾಮನು ಹೇಳುವ ಕಥೆಯೊಂದಿದೆ. ಮರಗಳೆಲ್ಲ ಸೇರಿ ತಮಗೊಬ್ಬ ಅರಸನನ್ನು ಹುಡುಕುತ್ತವೆ. ಎಣ್ಣೆಮರವನ್ನು ಕೇಳಿದರೆ ಅದಕ್ಕೆ ತನ್ನ ಎಣ್ಣೆಯ ಚಿಂತೆ. ಅಂಜೂರಕ್ಕೆ ತನ್ನ ಸಿಹಿ ಹಣ್ಣಿನ ಚಿಂತೆ. ದ್ರಾಕ್ಷಿಬಳ್ಳಿಗೆ ತನ್ನ ರಸದ ಚಿಂತೆ. ಮೂರೂ ಒಲ್ಲೆವೆಂದು ತಿರುಗಿ ನಿಂತಾಗ ಕೊನೆಗೆ ಒಪ್ಪಿದ್ದು ಮುಳ್ಳುಪೊದೆ. ನೆರಳನ್ನೇ ಕೊಡಲಾರದ ಆ ಪೊದೆ ತನ್ನ ನೆರಳಿಗೆ ಬನ್ನಿರೆಂದು ಕರೆಯಿತು, ಬರದಿದ್ದರೆ ಬೆಂಕಿಯಿಂದ ಸುಡುವೆನೆಂದು ಬೆದರಿಸಿತು. ಈ ಕಥೆಯನ್ನು ನಾವು ಮುಳ್ಳುಪೊದೆಯನ್ನು ಹಳಿಯಲೆಂದೇ ಓದುತ್ತೇವೆ. ಒಳ್ಳೆಯ ಮರಗಳು ಮಾಡಿದ ತಪ್ಪನ್ನು ಮರೆಯುತ್ತೇವೆ. ಸಜ್ಜನನು ಆಳಲು ಒಪ್ಪದಿದ್ದರೆ ತನಗಿಂತ ಕೀಳಾದವನಿಂದ ಆಳಿಸಿಕೊಳ್ಳುವುದೇ ಅವನಿಗೆ ದಂಡನೆ ಎಂಬರ್ಥದ ವಿಚಾರವನ್ನು ಗ್ರೀಕ್ ದಾರ್ಶನಿಕ ಪ್ಲೇಟೋ ಕೂಡ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಮಂಡಿಸಿದ್ದಾನೆ.

ಧರ್ಮಸಭೆಯ ಬೋಧನೆಯೂ ಇದೇ ದಿಕ್ಕಿನದು. ಆಡಳಿತದಲ್ಲಿ ಎಲ್ಲರಿಗೂ ಯಾವುದಾದರೊಂದು ಪಾಲಿರಬೇಕು, ಜನತೆಯ ಶಾಂತಿ ಉಳಿಯುವುದು ಅದರಿಂದಲೇ ಎಂಬುದು ಸಂತ ಥಾಮಸ್ ಅಕ್ವಿನಾಸರ ಮತ. 1927ರ ಡಿಸೆಂಬರಿನಲ್ಲಿ ಜಗದ್ಗುರು ಹನ್ನೊಂದನೆಯ ಭಕ್ತಿನಾಥರು, ಎಂದರೆ ಹನ್ನೊಂದನೆಯ ಪಿಯುಸ್, ಇಟಲಿಯ ಕಥೋಲಿಕ ವಿಶ್ವವಿದ್ಯಾನಿಲಯ ವಿದ್ಯಾರ್ಥಿಗಳ ಒಕ್ಕೂಟದವರೊಡನೆ ಮಾತನಾಡುತ್ತ, ರಾಜಕೀಯವನ್ನು ಪರಸ್ನೇಹದ ಅತಿ ವಿಶಾಲ ಕ್ಷೇತ್ರವೆಂದು ಬಣ್ಣಿಸಿದರು. ಮುಸೊಲಿನಿಯ ಸರ್ವಾಧಿಕಾರದ ದಿನಗಳಲ್ಲಿ, ಅದೂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿದು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರ್ವಜನಿಕ ಹೊಣೆ ಹೊರುವವರನ್ನು ಮೆಚ್ಚಿ ಪುರಸ್ಕರಿಸಿತು. ಜಗದ್ಗುರು ಫ್ರಾನ್ಸಿಸರು 2020ರ ‘ಫ್ರತೆಲ್ಲಿ ತುತ್ತಿ’ ವಿಶ್ವಪತ್ರದ ಒಂದಿಡೀ ಅಧ್ಯಾಯವನ್ನು ಉತ್ತಮ ರಾಜಕೀಯಕ್ಕೆ ಮೀಸಲಿಟ್ಟರು. ಭಾರತದಲ್ಲಿಯೂ 1924ರಲ್ಲೇ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾನಿಲಯ ಒಕ್ಕೂಟ ಹುಟ್ಟಿಕೊಂಡಿತು.

ಹೀಗಿರುವಾಗ ನಾವು ಮೊದಲು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕು. ಧರ್ಮಕೇಂದ್ರದ ಪಾಲನಾ ಸಮಿತಿಗೆ ಆಯ್ಕೆಯ ದಿನ ಬಂದಾಗ “ನೀವೇ ಯಾರನ್ನಾದರೂ ನೇಮಿಸಿಬಿಡಿ, ಫಾದರ್” ಎನ್ನುವುದು ನಮ್ಮ ಜನರ ರೂಢಿ. ಗುರುಗಳಾದ ನಮಗೂ ಅದು ಅನುಕೂಲವೇ. ಹೇಳಿದ್ದಕ್ಕೆ ತಲೆದೂಗುವವರು ಸಿಕ್ಕರೆ ಸಭೆ ಬೇಗ ಮುಗಿಯುತ್ತದೆ. ಆದರೆ ಪ್ರೇಷಿತರು ಹೀಗೆ ಮಾಡಲಿಲ್ಲ. ವಿಧವೆಯರಿಗೆ ಅನ್ನ ಹಂಚುವುದರಲ್ಲಿ ಪಕ್ಷಪಾತವಾಗುತ್ತಿದೆ ಎಂಬ ಗೊಣಗಾಟ ಎದ್ದಾಗ, ಅವರು ಸಮುದಾಯವನ್ನು ಕರೆದು, ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿರೆಂದರು. ಗೊಣಗುವವರ ಬಾಯಿ ಮುಚ್ಚಿಸಲಿಲ್ಲ. ಅವರ ಕೈಗೆ ಹೊಣೆ ಕೊಟ್ಟರು. ನಮ್ಮ ಕಥೋಲಿಕ ವಿದ್ಯಾಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅಂಕಪಟ್ಟಿ ನೋಡಿ ತರಗತಿಯ ಪ್ರತಿನಿಧಿಯನ್ನು ನೇಮಿಸುವುದು ಸುಲಭ. ಹೆಚ್ಚು ಅಂಕ ಪಡೆದವನು ಒಳ್ಳೆಯ ವಿದ್ಯಾರ್ಥಿ ನಿಜ, ಆದರೆ ಅವನು ಹಾಸ್ಟೆಲಿನ ಬಡ ಹುಡುಗನ ಕಷ್ಟವನ್ನು ಅರಿತವನೆಂದು ಅಂಕಪಟ್ಟಿ ಹೇಳುವುದಿಲ್ಲ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ವಿದ್ಯಾರ್ಥಿಗಳ ದನಿಯಿಂದ ನಮ್ಮನ್ನು ಮರೆಮಾಡುವ ಗುರಾಣಿಯಾಗಬಾರದು.

ಹಾಗಾದರೆ ಮಗಳು ಬಂದು ಕೇಳಿದಾಗ ಏನು ಹೇಳೋಣ? ಬೇಡವೆನ್ನುವ ಮೊದಲು ಮೂರು ಪ್ರಶ್ನೆ ಕೇಳಿರಿ. ಯಾರಿಗಾಗಿ ನಿಲ್ಲುತ್ತೀಯೆ? ಯಾರ ಹಣದಿಂದ ನಿಲ್ಲುತ್ತೀಯೆ? ಸೋತರೆ ಮರುದಿನ ತರಗತಿಗೆ ಹೋಗಿ ಗೆದ್ದವಳ ಕೈ ಕುಲುಕಬಲ್ಲೆಯಾ? ಮೂರಕ್ಕೂ ನೇರವಾದ ಉತ್ತರವಿದ್ದರೆ ಆಶೀರ್ವದಿಸಿ ಕಳುಹಿಸಿರಿ. ಗ್ರಂಥಾಲಯ ಸಂಜೆಯೂ ತೆರೆದಿರಬೇಕು, ವಿದ್ಯಾರ್ಥಿವೇತನ ತಡವಾಗಬಾರದು, ಹಾಸ್ಟೆಲಿಗೆ ನೀರು ಬರಬೇಕು ಎಂಬಂಥ, ಸಂಘದ ಕೈಗೆಟುಕುವ ಮಾತನ್ನಷ್ಟೇ ಅವಳು ಕೊಡಲಿ. ಯಾವ ಪಕ್ಷದ ಕಚೇರಿಯಿಂದಲೂ ಕಾಸು ತರದಿರಲಿ. ಮುಖ್ಯವಾಗಿ, ಕಥೋಲಿಕಳೆಂದು ಕಥೋಲಿಕರ ಮತ ಕೇಳದಿರಲಿ. ಈ ನಗರದ ನಮ್ಮ ಧರ್ಮಕೇಂದ್ರಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲೆಯಾಳ ಮಾತಾಡುವ ಕುಟುಂಬಗಳು ಒಂದೇ ಪೀಠದ ಮುಂದೆ ಮೊಣಕಾಲೂರುತ್ತವೆ. ಆ ಗೆರೆಗಳನ್ನು ಕಾಲೇಜಿನಲ್ಲಿ ಮತಕ್ಕಾಗಿ ಎಳೆದರೆ ಅವು ದೇವಾಲಯದೊಳಕ್ಕೂ ಬರುತ್ತವೆ. ನಾವು ಅಲ್ಪಸಂಖ್ಯಾತರು, ಗೆಲ್ಲುವುದುಂಟೇ ಎಂಬ ಅಳುಕಿಗೆ ಉತ್ತರವೂ ಇದರಲ್ಲೇ ಇದೆ. ನಮ್ಮವರಿಗಾಗಿ ಮಾತ್ರ ನಿಲ್ಲುವವರಿಗೆ ಸಂಖ್ಯೆಯ ಚಿಂತೆ. ಎಲ್ಲರಿಗಾಗಿ ನಿಲ್ಲುವವರನ್ನು ಜನ ಬೇರೆ ಕಣ್ಣಿನಿಂದ ನೋಡುತ್ತಾರೆ.

ಸರ್ಕಾರಕ್ಕೂ ನಮ್ಮದೊಂದು ವಿನಂತಿ. ಪಕ್ಷಗಳಿಗೆ ಕಾಲಾಳುಗಳನ್ನು ಒದಗಿಸಲೆಂದು ಚುನಾವಣೆ ಬರುವುದಾದರೆ ಅದು ಬರದಿರುವುದೇ ಮೇಲು. ಮೊದಲು ನಿಯಮ, ಆಮೇಲೆ ದಿನಾಂಕ ಎಂಬ ಕ್ರಮವಿರಲಿ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳೇ ಚುನಾವಣಾ ಸಮಿತಿ ಮಾಡಿಕೊಂಡು, ಅಧ್ಯಕ್ಷ ಸ್ಥಾನದ ಉಮೇದುವಾರರನ್ನು ಬಹಿರಂಗ ಚರ್ಚೆಗೆ ನಿಲ್ಲಿಸುವ ಪದ್ಧತಿಯುಂಟು. ಅಂಥ ಒಳ್ಳೆಯ ಪದ್ಧತಿಗಳು ಮಾನಸಗಂಗೋತ್ರಿಗೂ ಬರಲಿ.

ಪ್ರಭು ಕ್ರಿಸ್ತರು ತಮ್ಮ ಶಿಷ್ಯರಲ್ಲಿ ಯಾರು ದೊಡ್ಡವರೆಂಬ ವಾದ ಹುಟ್ಟಿದಾಗ, ದೊಡ್ಡವನಾಗುವ ಆಸೆಯೇ ತಪ್ಪೆಂದು ಹೇಳಲಿಲ್ಲ. ದೊಡ್ಡವನಾಗುವ ದಾರಿ ಸೇವೆಯೆಂದು ತೋರಿಸಿಕೊಟ್ಟರು. ಕಾಲೇಜು ಚುನಾವಣೆ ಈ ರಾಜ್ಯಕ್ಕೆ ಮರಳುವುದೋ ಇಲ್ಲವೋ ಕಾಲವೇ ಹೇಳಬೇಕು. ಮರಳಿದ ದಿನ ನಮ್ಮ ಮನೆಗಳ ಎಣ್ಣೆಮರ, ಅಂಜೂರ, ದ್ರಾಕ್ಷಿಬಳ್ಳಿಗಳು ತಮ್ಮ ತಮ್ಮ ಹಣ್ಣಿನ ಚಿಂತೆಯಲ್ಲೇ ಮುಳುಗಿರದಂತೆ ಅವನ್ನು ಇಂದಿನಿಂದಲೇ ಬೆಳೆಸುವುದು ನಮ್ಮ ಕೈಯಲ್ಲಿದೆ.