ಕೋಗಿಲೆ ಕಣಜದ ತಪ್ಪೇನು?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಜಗುಲಿಯ ತೊಲೆಗೋ ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ನಿನ ಗೋಡೆಗೋ ಅಂಟಿಕೊಂಡ ಮಣ್ಣಿನ ಗೂಡುಗಳನ್ನು ಕಾಣದವರು ವಿರಳ. ಕುಂಬಾರ ಕಣಜವು ಕೆಸರಿನ ಉಂಡೆಗಳನ್ನು ಬಾಯಲ್ಲಿ ಹೊತ್ತು ತಂದು ಇವನ್ನು ಕಟ್ಟುತ್ತದೆ. ಗೂಡಿನಲ್ಲಿ ಒಂದು ಮೊಟ್ಟೆಯಿಟ್ಟು, ಎಲೆ ತಿನ್ನುವ ಹುಳುಗಳನ್ನು ಕುಟುಕಿ, ಕೊಲ್ಲದೆ ನಿಶ್ಚೇಷ್ಟಗೊಳಿಸಿ ತುಂಬಿ, ಬಾಯಿ ಮುಚ್ಚುತ್ತದೆ. ಇದರ ಬಂಧುವಾದ ಮತ್ತೊಂದು ಕಣಜ ಹುಳುಗಳ ಬದಲು ಜೇಡಗಳನ್ನು ತುಂಬುತ್ತದೆ.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದಂತೆ, ಈ ಗೂಡುಗಳಿಗೆ ಕೋಗಿಲೆ ಕಣಜ ಬರುತ್ತದೆ. ನೀಲಿ ಹಸುರಾಗಿ ಲೋಹದಂತೆ ಹೊಳೆಯುವ ಅದರ ಬಣ್ಣ ವರ್ಣದ್ರವ್ಯದಿಂದ ಬಂದುದಲ್ಲ. ಮೈಕವಚದ ಸೂಕ್ಷ್ಮ ಪದರಗಳು ಬೆಳಕನ್ನು ಪ್ರತಿಫಲಿಸುವ ಬಗೆಯಿಂದ ಹುಟ್ಟಿದ್ದು. ಜಗತ್ತಿನಲ್ಲಿ ಇದರ ಸುಮಾರು 3000 ಪ್ರಭೇದಗಳಿವೆ. ಭಾರತದ ಪ್ರಭೇದಗಳನ್ನು ಬಿಂಗ್‌ಹ್ಯಾಮ್ ಎಂಬ ವಿದ್ವಾಂಸ 1903ರಲ್ಲಿಯೇ ಗ್ರಂಥವೊಂದರಲ್ಲಿ ವಿವರಿಸಿದ್ದಾನೆ. ಅವುಗಳಲ್ಲಿ ದೊಡ್ಡದಾದ ಸ್ಟಿಲ್ಬಮ್ ಒಣಗಿದ ಮಣ್ಣಿನ ಗೋಡೆಯನ್ನು ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಅದರ ಮರಿಹುಳು ಮನೆಯೊಡೆಯನ ಮರಿಯನ್ನೇ ತಿಂದು ಬೆಳೆಯುತ್ತದೆ. ಗೂಡಿನ ಒಡತಿ ಎದುರಾದರೆ ಕೋಗಿಲೆ ಕಣಜ ಕುಟುಕಿ ಹೋರಾಡಲಾರದು, ಏಕೆಂದರೆ ಅದರ ಕೊಂಡಿ ಕ್ಷೀಣಿಸಿದೆ. ಅದು ತಗ್ಗಾದ ಹೊಟ್ಟೆಯೊಳಕ್ಕೆ ಕಾಲುಗಳನ್ನು ಮಡಚಿ ಗುಂಡಿನಂತೆ ಸುರುಳಿಯಾಗುತ್ತದೆ. ಗಟ್ಟಿಯಾದ ಕವಚವೇ ಅದಕ್ಕೆ ರಕ್ಷೆ.

ಇದನ್ನು ಕಳ್ಳನೆನ್ನುವುದು ಸುಲಭ. ಆದರೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆಗೆ ಕವಿಗಳ ಮನ್ನಣೆ, ಕೀಟಕ್ಕೆ ಮಾತ್ರ ನಿಂದೆ ಏಕೆ? ಕುಂಬಾರ ಕಣಜವೂ ಜೀವಂತ ಹುಳುಗಳನ್ನೇ ತನ್ನ ಮರಿಗೆ ಉಣಿಸುತ್ತದೆ. ಅವು ಬೆಳೆಯನ್ನು ತಿನ್ನುವ ಹುಳುಗಳಾದುದರಿಂದ ಮನುಷ್ಯನು ಅದನ್ನು ಮಿತ್ರನೆಂದು ಕರೆಯುತ್ತಾನೆ, ಅಷ್ಟೆ.

ರೈತನ ಮಿತ್ರನನ್ನು ಕೊಲ್ಲುವುದು ರೈತನಿಗೆ ಶತ್ರುವಲ್ಲವೇ ಎಂಬ ಆಕ್ಷೇಪಣೆಯನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಆದರೂ ಪರಾವಲಂಬಿಯ ಬಾಳು ಆತಿಥೇಯದ ಬಾಳನ್ನು ನೆಚ್ಚಿಕೊಂಡಿದೆ. ಕುಂಬಾರ ಕಣಜಗಳಿಲ್ಲದ ಊರಿನಲ್ಲಿ ಅವುಗಳ ಗೂಡನ್ನೇ ನಂಬಿದ ಕೋಗಿಲೆ ಕಣಜವೂ ಇರಲಾರದು. ಎರಡೂ ಯುಗಯುಗಗಳಿಂದ ಒಟ್ಟಿಗೆ ಉಳಿದುಬಂದಿವೆ. ಹೊಲಕ್ಕೆ ವಿವೇಚನೆಯಿಲ್ಲದೆ ಎರಚುವ ಕೀಟನಾಶಕವಾಗಲಿ ಹಬ್ಬದ ಮುನ್ನಾದಿನದ ಪೊರಕೆಯಾಗಲಿ ಇಂಥ ಲೆಕ್ಕವನ್ನು ಇಡುವುದಿಲ್ಲ. ಅವುಗಳಿಂದ ಕುಂಬಾರನೂ ಸಾಯುತ್ತದೆ, ಕೋಗಿಲೆಯೂ ಸಾಯುತ್ತದೆ.

ಗೂಡನ್ನು ಕೆಡವಲೇಬೇಕಾದವರು ಮೊದಲು ಅದರಲ್ಲಿ ದುಂಡನೆಯ ರಂಧ್ರವಿದೆಯೇ ಎಂದು ನೋಡಬಹುದು. ರಂಧ್ರವಿದ್ದರೆ ಒಳಗಿದ್ದ ಜೀವಿ ಹೊರಬಂದು ಹಾರಿಹೋಗಿರುತ್ತದೆ. ಇಲ್ಲದಿದ್ದರೆ ಆ ಕತ್ತಲಲ್ಲಿ ಕುಂಬಾರನ ಮರಿಯೋ ಕೋಗಿಲೆ ಕಣಜದ ಮರಿಯೋ ಇನ್ನೂ ಬೆಳೆಯುತ್ತಿರಬಹುದು.